ಖಾರದ ಕೈ

ನಮ್ಮ ಮನೆಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿರಜದ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಹಾಕಿದರೂ ಒಂದೇ, ತೆಗೆದರೂ ಒಂದೇ. ಕಬ್ಬಿಣದ ಒನಕೆಗಳು ಧಡಧಡ ಎಂದು ಒಣಮೆಣಸಿನಕಾಯಿ ಕುಟ್ಟಲು ಶುರು ಮಾಡಿದವೆಂದರೆ ಕೆಂಪು ಧೂಳು ಅಡುಗೆಮನೆಯವರೆಗೂ ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸೀನಿ, ಕೆಮ್ಮಿ, ಕಣ್ಣೀರು ಸುರಿಸುವುದನ್ನು ನೋಡಿ ಅತ್ತೆ ನಕ್ಕಿದ್ದರು. "ಈ ಮನಿಗೆ ಬಂದಾಕಿ ಮೊದಲನೇ ವರ್ಷ ಅಳಬೇಕವಾ. ನಾನೂ ಅತ್ತೇನಿ. ಆಮ್ಯಾಲ ಖಾರಾನೂ ರೂಢಿ ಆಕ್ಕೈತಿ, ಕೆಮ್ಮೂ ರೂಢಿ ಆಕ್ಕೈತಿ," ಅಂದಿದ್ದರು.

ಮನೆಯಲ್ಲಿ ಆಗ ನಾವು ಮೂವರೇ. ಗಂಡ ಯಂತ್ರ ನೋಡಿಕೊಳ್ಳುತ್ತಿದ್ದರು, ಬ್ಯಾಡಗಿಯಿಂದ ಮೆಣಸಿನಕಾಯಿ ತರುತ್ತಿದ್ದರು. ಅತ್ತೆ ಬಾಗಿಲ ಬಳಿ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದರು. ನನ್ನ ಜಾಗ ಜರಡಿಯ ಹತ್ತಿರ. ಲಿಂಗನೂರಿನ ತವರಿನಲ್ಲಿ ಕನ್ನಡ ಶಾಲೆ ಕಲಿತು, ಮುಂದೆ ಕಾಲೇಜಿನಲ್ಲೂ ಕನ್ನಡವನ್ನೇ ಓದಿದವಳು ನಾನು. ಜರಡಿ ಆಡಿಸಲು ಅಷ್ಟು ಓದು ಬೇಕಿರಲಿಲ್ಲ ಎಂದು ಆಗಾಗ ಮುಖ ಊದಿಸಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಬಂದವರಿಗೆಲ್ಲ, "ನಮ್ಮ ಸೊಸಿ ಭಾಳ ಕಲಿತಾಳ್ರಿ," ಎಂದು ಹೇಳಿಯೇ ತೂಕ ಮಾಡುತ್ತಿದ್ದರು.

ಬೇಸಿಗೆ ಬಂತೆಂದರೆ ಗಲ್ಲಿಗಲ್ಲಿಯ ಹೆಂಗಸರು ವರ್ಷದ ಚಟ್ನಿ ಕುಟ್ಟಿಸಲು ಬರುತ್ತಾರೆ. ನಮ್ಮ ಕಡೆ ಮಸಾಲೆ ಖಾರಕ್ಕೆ ಚಟ್ನಿ ಅಂತಲೇ ಹೆಸರು. ಮೆಣಸಿನಕಾಯಿ, ಹುರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊಬ್ಬರಿ ಎಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಪಾಳಿ ಬರುವವರೆಗೆ ಗಿರಣಿಯೊಳಗೇ ಕೂರುತ್ತಾರೆ. ಒಬ್ಬಳೂ ಡಬ್ಬಿ ಬಿಟ್ಟು ಮನೆಗೆ ಹೋಗುವುದಿಲ್ಲ. ತನ್ನ ಒಳ್ಳೆಯ ಮೆಣಸಿನಕಾಯಿ ಇನ್ನೊಬ್ಬಳ ಡಬ್ಬಿಗೆ ಹೋಗಿಬಿಟ್ಟರೆ ಎಂಬ ಭಯ. ಆದ್ದರಿಂದ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು, ಕೆಮ್ಮುತ್ತ, ಹರಟುತ್ತ ತಾಸುಗಟ್ಟಲೆ ಕೂತಿರುತ್ತಾರೆ. ನಾನು ಅವರ ನಡುವೆಯೇ ಇರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನಾನು ಬಸುರಿ. ಹೊಟ್ಟೆ ಕಾಣಲು ಶುರುವಾಗಿತ್ತು, ಆದರೆ ಉಂಡದ್ದು ಮಾತ್ರ ಮೈಗೆ ಹತ್ತುತ್ತಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೆಮ್ಮಂತೂ ಇದ್ದೇ ಇತ್ತು. ಅತ್ತೆ ಬಿಸಿ ಹಾಲಿಗೆ ಅರಿಶಿಣ ಹಾಕಿ ಕೊಟ್ಟರು. ಗಂಡ, "ಹಂಗಾಮ ಮುಗೀಲಿ, ಕಮ್ಮಿ ಆಕ್ಕೈತಿ," ಅಂದರು. ನಾನೂ ಹಾಗೇ ಅಂದುಕೊಂಡೆ. ಖಾರದ ಗಿರಣಿಯಲ್ಲಿ ಕೆಮ್ಮಿದರೆ ಯಾರು ತಾನೇ ದವಾಖಾನೆಗೆ ಓಡುತ್ತಾರೆ?

ಬಸುರಿಯರ ತಪಾಸಣೆಗೆ ಹೋದ ದಿನ ಅಲ್ಲೊಬ್ಬ ನರ್ಸಬಾಯಿ ಪಾಳಿಯಲ್ಲಿ ಕೂತ ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತನಾಡಿಸುತ್ತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ದಪ್ಪ ಕನ್ನಡಕ, ತೋಳಿಗೆ ಜೋತುಬಿದ್ದ ಬಟ್ಟೆ ಚೀಲ. ನರ್ಸಿಂಗ್‌ನಲ್ಲೇ ಮುಂದೆ ಓದುತ್ತಿದ್ದಾಳಂತೆ. ಟಿಬಿ ಆದ ಬಸುರಿಯರು ಮನೆಯಲ್ಲಿ ಔಷಧಿ ಹೇಗೆ ತೆಗೆದುಕೊಳ್ಳುತ್ತಾರೆ, ಯಾರಿಗೆ ಹೇಳುತ್ತಾರೆ, ಯಾರಿಗೆ ಮುಚ್ಚಿಡುತ್ತಾರೆ ಎಂಬುದು ಅವಳ ಸಂಶೋಧನೆಯ ವಿಷಯ. ನನ್ನ ಮುಂದೆ ಬಂದು ಮರಾಠಿಯಲ್ಲಿ ಶುರು ಮಾಡಿದವಳು, ನಾನು ಪಕ್ಕದವಳೊಡನೆ ಆಡಿದ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು.

"ಕೆಮ್ಮು ಎಷ್ಟ ದಿನದಿಂದ ಐತಿ ತಂಗಿ?"

"ನಮ್ದು ಖಾರದ ಗಿರಣಿ ಐತ್ರಿ," ಅಂದೆ. ಅದೇ ಉತ್ತರ ಎನ್ನುವ ಹಾಗೆ.

"ಗಿರಣಿ ಇರಲಿ. ಕಫ ಕೊಟ್ಟು ಹೋಗು."

ನಗುತ್ತಲೇ ಕೊಟ್ಟು ಬಂದೆ. ಟಿಬಿ ಎಂದು ಬಂತು.

ಆ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ಹೊಟ್ಟೆಯೊಳಗಿನ ಕೂಸಲ್ಲ, ಗಿರಣಿಯಲ್ಲಿ ಕೂತ ಹೆಂಗಸರು. ಅವರ ಆರೋಗ್ಯವೂ ಅಲ್ಲ, ಅವರ ಬಾಯಿ. ಗಿರಣಿಯವರ ಸೊಸೆಗೆ ಟಿಬಿಯಂತೆ ಎಂದು ಒಬ್ಬಳ ಕಿವಿಗೆ ಬಿದ್ದರೆ ಸಾಕು, ಮರುದಿನ ಎಲ್ಲ ಡಬ್ಬಿಗಳೂ ಮುಂದಿನ ಗಲ್ಲಿಯ ಗಿರಣಿಯಲ್ಲಿರುತ್ತವೆ. ವರ್ಷವಿಡೀ ಉಣ್ಣುವ ಚಟ್ನಿಯನ್ನು ರೋಗದ ಮನೆಯಲ್ಲಿ ಯಾರು ಕುಟ್ಟಿಸುತ್ತಾರೆ? ಅತ್ತೆ ವಿಧವೆಯಾದ ಮೇಲೆ ಒಬ್ಬರೇ ನಿಂತು ಉಳಿಸಿಕೊಂಡ ಗಿರಣಿ ಅದು. ನನ್ನಿಂದ ಮುಚ್ಚಿತೆಂದರೆ ಆ ಮನೆಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಬಾಳಲಿ? ವಿಳಾಸ ಕೇಳಿದಾಗ ಲಿಂಗನೂರಿನ ತವರಿನದು ಕೊಟ್ಟೆ. ಮಿರಜದ ಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತರು, ಆಮೇಲೆ, "ಅವ್ವಗ ಹೇಳಬ್ಯಾಡ," ಅಂದರು.

ಟಿಬಿ ಆದವರ ಮನೆಯಲ್ಲಿ ಇರುವವರನ್ನೆಲ್ಲ ತಪಾಸಣೆ ಮಾಡುವುದು ಪದ್ಧತಿ. ಮಾಡಿದರು, ಲಿಂಗನೂರಿನಲ್ಲಿ. ನಾನು ಬಿಟ್ಟು ಎರಡು ವರ್ಷವಾಗಿದ್ದ ಮನೆಯಲ್ಲಿ ನನ್ನ ಅವ್ವ, ಅಣ್ಣ, ಅವನ ಹೆಂಡತಿ ವೈನಿ ಎದೆಯ ಫೋಟೋ ತೆಗೆಸಿಕೊಂಡರು. ಎಲ್ಲರೂ ಚೆನ್ನಾಗಿದ್ದರು. ಯಾಕೆ ಇರಬಾರದು?

ನರ್ಸಬಾಯಿಗೆ ನನ್ನ ಸುಳ್ಳು ಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಮುಂದಿನ ಸಲ ಹೋದಾಗ ನನ್ನ ಸೆರಗನ್ನು ಮೂಗಿನ ಹತ್ತಿರ ಹಿಡಿದು, "ಲಿಂಗನೂರಾಗ ದಿನಾ ಖಾರ ಕುಟ್ಟತಾರೇನ?" ಅಂದಳು. ನಾನು ತಲೆ ತಗ್ಗಿಸಿದೆ. ಗಿರಣಿಯ ಮನೆಯವರನ್ನೂ ನೋಡಬೇಕು, ಅದರಲ್ಲೂ ಕೆಮ್ಮುವವರನ್ನು, ಎಂದು ಅವಳು ಹೇಳಿದಳು. ಅಲ್ಲಿ ಕೆಮ್ಮದವರು ಯಾರೂ ಇಲ್ಲ ಎಂದು ನಾನು ಹೇಳಿದೆ. ಅವಳು ಬಿಡಲಿಲ್ಲ. ಆಗ ನಾನು ಆ ಮಾತು ಆಡಿದೆ: "ನೀವು ಮನಿಗೆ ಬಂದು ಹೇಳಿದ್ರ ನಾ ಗುಳಿಗಿ ನುಂಗೂದು ಬಿಡ್ತೀನಿ ನೋಡ್ರಿ."

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹಾಗೆ ಅಂದೆ. ಕೂಸನ್ನೇ ಮುಂದಿಟ್ಟು ವ್ಯಾಪಾರ ಮಾಡಿದಂತಾಯಿತು. ಆ ಕೈ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ನರ್ಸಬಾಯಿ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದಳು, "ನಿಮ್ಮ ಗಿರಣ್ಯಾಗ ಯಾರ ಬೇಕಾದ್ರೂ ಖಾರ ಕುಟ್ಟಸಬಹುದಲ್ಲ?"

ಹೀಗೆ ಅವಳು ನಮ್ಮ ಗಿರಾಕಿಯಾದಳು.

ಮೊದಲ ಸಲ ಬಂದಾಗ ತಂದದ್ದು ಬರೀ ಲವಂಗಿ ಮೆಣಸಿನಕಾಯಿ, ಎಲ್ಲಕ್ಕಿಂತ ಖಾರದ್ದು. ಅತ್ತೆ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ಅವಳ ಮುಖ ನೋಡಿದರು. "ಯವ್ವಾ, ಇದನ್ನ ಕುಟ್ಟಿಸಿ ಯಾರಿಗೆ ಉಣಸ್ತೀರಿ? ಮನ್ಯಾಗ ಯಾರ ಮ್ಯಾಲರೆ ಸಿಟ್ಟ ಐತೇನ?" ಎಂದು ಜೋರಾಗಿ ನಕ್ಕರು. ಬೆಂಚಿನ ಮೇಲಿದ್ದ ಹೆಂಗಸರೂ ನಕ್ಕರು. ಖಾರಕ್ಕೆ ಸಂಕೇಶ್ವರಿ, ಬಣ್ಣಕ್ಕೆ ಬ್ಯಾಡಗಿ, ಲವಂಗಿ ಬರೀ ಕೈ ಝಾಡಿಸಿದಷ್ಟು, ಎಂದು ಪಾಠ ಮಾಡಿ ಕಳಿಸಿದರು. ನರ್ಸಬಾಯಿ ವಿಧೇಯಳಾಗಿ ತಲೆಯಾಡಿಸಿದಳು. ಆಮೇಲೆ ಪ್ರತಿ ಸಲ ಅರ್ಧ ಕಿಲೋ, ಒಂದು ಕಿಲೋ ಹಿಡಿದುಕೊಂಡು ಬರುವಳು, ಪಾಳಿ ಹಚ್ಚುವಳು, ಸೆರಗು ಕಟ್ಟಿಕೊಂಡು ಕೂರುವಳು. ನಾನು ನೀರು ಕೊಡುವ ನೆವದಲ್ಲಿ ಒಳಗೆ ಕರೆದಾಗ ಅಡುಗೆಮನೆಯಲ್ಲಿ ನಿಂತು ಗುಳಿಗೆ ಎಣಿಸುವಳು, ಉಗುರು ನೋಡುವಳು, ಕಣ್ಣು ನೋಡುವಳು. "ಇಷ್ಟ ಖಾರ ಏನ ಮಾಡ್ತೀರ್ರಿ?" ಎಂದು ಒಮ್ಮೆ ಕೇಳಿದೆ. "ನಮ್ಮ ಹಾಸ್ಟೆಲ್ಲಿನ ಹುಡುಗ್ಯಾರಿಗೆ ಹಂಚೇನಿ. ಎಲ್ಲಾರೂ ನನ್ನ ಕಂಡ್ರ ಓಡಿ ಹೋಗಾಕತ್ಯಾರ," ಅಂದಳು.

ಹೋಗುವ ಮುನ್ನ ತಪ್ಪದೆ ಒಂದು ಪ್ರಶ್ನೆ ಕೇಳುವಳು. ಅವಳ ಸಂಶೋಧನೆಗೆ ಬೇಕಾದದ್ದು ಅದೇ ಇರಬೇಕು. "ಮನ್ಯಾಗ ಒಬ್ಬರಿಗೆ ಹೇಳೂದಾದ್ರ ಯಾರಿಗೆ ಹೇಳ್ತೀ?"

"ಅತ್ತಿ ಒಬ್ಬರನ್ನ ಬಿಟ್ಟು ಯಾರಿಗರೆ ಹೇಳೇನು," ಎಂದು ನಾನು ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದೆ.

ಔಷಧಿ ಶುರುವಾದ ಮೊದಲ ಕೆಲವು ವಾರ ಜನರ ನಡುವೆ ಕೂರಬೇಡ, ಗಾಳಿ ಬೆಳಕು ಇರುವಲ್ಲಿ ಇರು, ಎಂದು ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು. ಹಂಗಾಮಿನ ಮಧ್ಯದಲ್ಲಿ ನಾನು ಜರಡಿ ಬಿಟ್ಟು ಎದ್ದರೆ ಅತ್ತೆ ಕಾರಣ ಕೇಳುತ್ತಾರೆ ಎಂದು ಅಂಜಿ ಅಲ್ಲೇ ಕೂತೆ. ಮುಖಕ್ಕೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡೆ. ಒಬ್ಬ ಬಾಣಂತಿ ತೊಡೆಯ ಮೇಲೆ ಸಣ್ಣ ಕೂಸು ಹಾಕಿಕೊಂಡು ನನ್ನೆದುರಿಗೇ ಕೂತಿದ್ದಳು. ನನಗೆ ಕೆಮ್ಮು ಬಂತು. ಮುಖ ಗೋಡೆಯ ಕಡೆಗೆ ತಿರುಗಿಸಿದೆ, ಆದರೆ ಏಳಲಿಲ್ಲ. ಆ ಕೂಸು ಇಷ್ಟಿಷ್ಟೇ ಬೆರಳು ಚೀಪುತ್ತಿತ್ತು. ನಾನು ಕಣ್ಣು ಕೆಳಗೆ ಹಾಕಿ ಜರಡಿ ಆಡಿಸಿದೆ.

ನರ್ಸಬಾಯಿಗೆ ಗೊತ್ತಾಗಿ ಅಡುಗೆಮನೆಯಲ್ಲಿ ಪಿಸುದನಿಯಲ್ಲೇ ಬೈದಳು. "ತಲಿ ತಿರಗತೈತಿ ಅಂತ ಹೇಳಾಕ ಏನ ಕಷ್ಟ ನಿನಗ?" ಆ ಸಂಜೆ ಅತ್ತೆಗೆ ಹಾಗೇ ಹೇಳಿದೆ. ಅವರು ಒಂದು ಮಾತೂ ಕೇಳಲಿಲ್ಲ. "ಮೊದಲ ಹೇಳಬಾರದೇನ? ಒಳಗ ಹೋಗಿ ಮಲಕ್ಕೊ," ಎಂದು ನನ್ನನ್ನು ಎಬ್ಬಿಸಿ, ತಕ್ಕಡಿ ಮಗನಿಗೆ ಬಿಟ್ಟು, ತಾವೇ ಜರಡಿಗೆ ಕೂತರು. ಇಡೀ ಹಂಗಾಮು ಅವರೇ ಕೂತರು. ಒಳಗೆ ಮಲಗಿದ ನನಗೆ ಅವರ ಕೆಮ್ಮು ಕೇಳುತ್ತಿತ್ತು. ಖಾರದ ಕೆಮ್ಮು ಅಂದುಕೊಂಡೆ. ಅಂದುಕೊಳ್ಳುವುದು ನನಗೆ ಬೇಕಾಗಿಯೂ ಇತ್ತು.

ಆ ಗುಳಿಗೆ ನುಂಗಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೂತ್ರ ಕೆಂಪಾಗುತ್ತದೆ, ಕುಂಕುಮ ಕದಡಿದ ನೀರಿನ ಹಾಗೆ. ಅದರಿಂದ ಏನೂ ತೊಂದರೆಯಿಲ್ಲ, ಔಷಧಿಯ ಬಣ್ಣ ಅಷ್ಟೆ. ಆದರೆ ನಮ್ಮ ಪಾಯಖಾನೆಯ ಬೇಸಿನ್ನು ಬಿಳಿಯದು. ಗುಳಿಗೆಗಳನ್ನು ಹಳೆ ಹುಣಸೆಹಣ್ಣಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ, ಅತ್ತೆ ಬೆಳಿಗ್ಗೆ ಗುಡಿಗೆ ಹೋದಾಗ ನುಂಗುತ್ತಿದ್ದೆ. ಆದರೆ ಬಣ್ಣವನ್ನು ಎಲ್ಲಿ ಬಚ್ಚಿಡಲಿ? ಪ್ರತಿ ಸಲವೂ ಬಕೆಟ್ಟುಗಟ್ಟಲೆ ನೀರು ಸುರಿದೆ, ಬಗ್ಗಿ ನೋಡಿದೆ, ಮತ್ತೆ ಸುರಿದೆ. "ಬಸರ್ಯಾದಾಗಿಂದ ನೀರ ಭಾಳ ಖರ್ಚ ಮಾಡಾಕತ್ತಿ," ಎಂದು ಅತ್ತೆ ಚೇಷ್ಟೆ ಮಾಡಿದ್ದೂ ಉಂಟು.

ಹೆರಿಗೆಗೆ ಲಿಂಗನೂರಿಗೆ ಹೋದೆ. ಅಷ್ಟರಲ್ಲಿ ಕಫ ಸ್ವಚ್ಛವಾಗಿತ್ತು. ಹೆಣ್ಣು ಕೂಸು, ದುಂಡಗೆ, ತಲೆ ತುಂಬ ಕೂದಲು. ಎದೆಹಾಲು ಧಾರಾಳವಾಗಿ ಕೊಡಬಹುದೆಂದರು, ಕೊಟ್ಟೆ. ಕೂಸು ಹಾಲು ಕುಡಿದು ಸಾಕಾಗಿ ಬಾಯಿ ಬಿಟ್ಟಾಗ ನಾನು ಯಾವುದೋ ಕಳ್ಳತನದಲ್ಲಿ ಸಿಕ್ಕಿಬೀಳದೆ ಪಾರಾದವಳಂತೆ ಉಸಿರು ಬಿಡುತ್ತಿದ್ದೆ.

ಹೆಸರಿಡುವ ದಿನ ಅತ್ತೆ ಬಂದರು. ತೊಟ್ಟಿಲಿಗೆ ಬಟ್ಟೆ, ಕುಂಚಿಗೆ, ಕೊಬ್ಬರಿ, ಉತ್ತತ್ತಿ, ಬಾಣಂತಿಯ ಉಂಡೆಗೆ ಅಂಟು ಎಲ್ಲ ತಂದಿದ್ದರು. ಆದರೆ ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತೊಟ್ಟಿಲ ಕಡೆ ನೋಡಿದರು. ನನ್ನ ಅವ್ವ ಕೂಸನ್ನು ಎತ್ತಿ ಅವರ ಕೈಗೆ ಕೊಡಲು ಹೋದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ್ರಿ ಬೀಗತಿ. ನಂದು ಖಾರದ ಕೈ. ಕೂಸಿನ ಕಣ್ಣಿಗೆ ಗಿಣ್ಣಿಗೆ ತಾಗೀತು."

ಅಷ್ಟೂ ಹೆಂಗಸರ ಮುಂದೆ. ಅಷ್ಟು ದೂರದಿಂದ ಮೈ ತೊಳೆದು, ಇಳಕಲ್ ಸೀರೆ ಉಟ್ಟು ಬಂದವರ ಕೈಯಲ್ಲಿ ಎಂಥ ಖಾರ? ಮೂಲೆಯಲ್ಲಿ ಯಾರೋ, "ಹೆಣ್ಣ ಹುಟ್ಟೇತಲ್ಲ, ಅದಕ್ಕ," ಎಂದು ಮೆಲ್ಲಗೆ ಅಂದದ್ದು ನನಗೂ ಕೇಳಿತು, ಅತ್ತೆಗೂ ಕೇಳಿತು. ಊಟ ಕೂಡ ಅಂಗಳದಲ್ಲಿ ಒಬ್ಬರೇ ಕೂತು ಮಾಡಿ, ಬಸ್ಸು ಹಿಡಿದು ಹೊರಟುಹೋದರು. ಆ ದಿನ ನಾನು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಮಲಗಿದೆ.

ಆ ಬೆಂಕಿಯನ್ನು ಆರಲು ಬಿಡದೆ ಮಿರಜಕ್ಕೆ ತಂದೆ. ಬಾಣಂತನ ಮುಗಿಸಿ ಬಂದ ದಿನವೇ, ಇನ್ನೂ ಚೀಲ ಬಿಚ್ಚಿರಲಿಲ್ಲ, ಅತ್ತೆ ಚಹಾ ತಂದು ನನ್ನ ಮುಂದೆ ಇಟ್ಟು, ದೂರ ಕೂತು, "ಒಂದ ಮಾತ ಹೇಳೂದೈತಿ," ಅಂದರು. ನಾನು ಅವರ ಬಾಯಿಂದ ಆ ಮಾತು ಹೊರಡಲು ಬಿಡಲಿಲ್ಲ.

"ಏನ ಹೇಳ್ತೀರಿ, ಗೊತ್ತೈತಿ ಬಿಡ್ರಿ. ಹೆಣ್ಣ ಹುಟ್ಟೇತಂತ ಸಿಟ್ಟಲ್ಲ? ಮುಟ್ಟಬ್ಯಾಡ್ರಿ. ನನ್ನ ಮಗಳನ್ನ ಎತ್ತಾಕ ನನಗ ಎರಡ ಕೈ ಅದಾವ."

"ಹಂಗಲ್ಲವಾ..." ಅಂದರು. ಎದ್ದು ಗಿರಣಿಗೆ ಹೋದರು.

ಅವತ್ತಿನಿಂದ ನಮ್ಮ ನಡುವೆ ಬೇಕಾದಷ್ಟೇ ಮಾತು. ಅವರು ಗಿರಣಿಯಲ್ಲೇ ಕಿಟಕಿಯ ಬಳಿ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದರು. ಮನೆಯೊಳಗೆ ಬಂದರೂ ಸೆರಗು ಮುಖದ ಮೇಲೆ. ಕೂಸು ಅತ್ತರೆ ಬಾಗಿಲವರೆಗೆ ಓಡಿ ಬಂದು, ಅಲ್ಲೇ ನಿಂತು, "ಎತ್ಕೊ, ಎತ್ಕೊ," ಎಂದು ನನಗೆ ಕೂಗುತ್ತಿದ್ದರು. ತಾವು ಎತ್ತುತ್ತಿರಲಿಲ್ಲ. ನಾನು ಗಂಡನಿಗೆ ದೂರಿದೆ, ಫೋನಿನಲ್ಲಿ ಅವ್ವನಿಗೆ ದೂರಿದೆ, ಪಕ್ಕದ ಮನೆಯವಳಿಗೂ ಹೇಳಿದೆ. ಕಲ್ಲು ಮನಸ್ಸು ಅಂದೆ. ನರ್ಸಬಾಯಿಗೂ ಹೇಳಿದೆ. ನನ್ನ ಔಷಧಿ ಮುಗಿದಿದ್ದರೂ ಅವಳು ಚೀಲದಲ್ಲಿ ಮೆಣಸಿನಕಾಯಿ ಹಿಡಿದು ಬರುವುದು ಬಿಟ್ಟಿರಲಿಲ್ಲ. ನನ್ನನ್ನೂ ಕೂಸನ್ನೂ ನೋಡಲು ಬರುತ್ತಾಳೆಂದು ನಾನು ಹಿಗ್ಗಿದ್ದೆ.

ಅವಳು ನನ್ನ ದೂರನ್ನೆಲ್ಲ ಕೇಳಿ, ಚೀಲದ ಹಿಡಿಯನ್ನು ಸರಿ ಮಾಡಿಕೊಳ್ಳುತ್ತ, "ಅವರನ್ನ ಒಮ್ಮಿ ಮಾತಾಡಾಕ ಬಿಡು," ಅಂದಳು. ನನಗೆ ಕೋಪ ಬಂತು. ಯಾರ ಕಡೆಯವಳು ಇವಳು? ಇತ್ತೀಚೆಗೆ ಒಳಗೆ ಬರುವುದು ಕಮ್ಮಿ ಮಾಡಿ, ಬೆಂಚಿನ ಮೇಲೆ ಅತ್ತೆಯ ಪಕ್ಕದಲ್ಲೇ ಹೆಚ್ಚು ಹೊತ್ತು ಕೂರುತ್ತಿದ್ದಳು. ಸಂಕೇಶ್ವರಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಇಬ್ಬರೂ ಏನೇನೋ ಮಾತಾಡುತ್ತಿದ್ದರು, ನಾನು ಹತ್ತಿರ ಹೋದರೆ ಮೆಣಸಿನಕಾಯಿಯ ವಿಷಯಕ್ಕೆ ಹೊರಳುತ್ತಿದ್ದರು. ನನ್ನ ನರ್ಸಬಾಯಿಯನ್ನೂ ಮುದುಕಿ ಕಸಿದುಕೊಂಡಳು ಎಂದು ಹೊಟ್ಟೆಕಿಚ್ಚು ಪಟ್ಟೆ. ಹೌದು, ಮನಸ್ಸಿನಲ್ಲಿ ಅತ್ತೆಯನ್ನು ಮುದುಕಿ ಎಂದೇ ಕರೆಯುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ. ಗಂಡ ಹಿಂದಿನ ದಿನವೇ ಬ್ಯಾಡಗಿಗೆ ಹೋಗಿದ್ದರು. ಅತ್ತೆ ಗುಡಿಗೆ ಹೋಗಿದ್ದರು. ಕೂಸು ಮಲಗಿತ್ತು. ಪಾಯಖಾನೆಯ ಬಾಗಿಲು ತೆಗೆದೆ. ಬಿಳಿ ಬೇಸಿನ್ನಿನ ಅಂಚಿನಲ್ಲಿ ಕೆಂಪು ಗೆರೆಯೊಂದು ಇಳಿದು ನಿಂತಿತ್ತು.

ನೆತ್ತರು ಅಲ್ಲ. ಆ ಬಣ್ಣ ನನಗೆ ಗೊತ್ತು. ತಿಂಗಳುಗಟ್ಟಲೆ ಅದನ್ನು ತೊಳೆದವಳು ನಾನು. ಆದರೆ ನನ್ನ ಗುಳಿಗೆ ಮುಗಿದು ಎಷ್ಟೋ ದಿನವಾಗಿತ್ತು. ಗಂಡ ಊರಲ್ಲಿರಲಿಲ್ಲ. ಅಂದರೆ ಉಳಿದವರು ಒಬ್ಬರೇ.

ಬಕೆಟ್ಟು ಎತ್ತಿ ನೀರು ಸುರಿದೆ. ಗೆರೆ ಹೋಯಿತು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಮುಖದ ಮೇಲಿನ ಸೆರಗು, ಗಿರಣಿಯ ಕಿಟಕಿಯ ಬಳಿಯ ಹಾಸಿಗೆ, ಲಿಂಗನೂರಿನ ಅಂಗಳದಲ್ಲಿ ಒಬ್ಬರೇ ಕೂತು ಉಂಡ ಊಟ, ಬಾಗಿಲವರೆಗೆ ಓಡಿ ಬಂದು ನಿಲ್ಲುತ್ತಿದ್ದ ಕಾಲು, ಎಲ್ಲವೂ ಒಂದೊಂದಾಗಿ ಬೇರೆ ಅರ್ಥ ತಳೆಯುತ್ತ ಬಂದವು. ನನಗೆ ರೋಗ ಬಂದಾಗ ನಾನು ಪರರ ಕೂಸಿನ ಮುಂದೆ ಕೂತು ಜರಡಿ ಆಡಿಸಿದ್ದೆ. ಅವರಿಗೆ ರೋಗ ಬಂದಾಗ ಅವರು ತಮ್ಮ ಮೊಮ್ಮಗಳಿಂದಲೇ ದೂರ ಸರಿದು, ಹೆಣ್ಣೆಂದು ಹಳಿದವಳು ಎಂಬ ಹೆಸರು ಹೊತ್ತುಕೊಂಡರು. ಆ ಹೆಸರನ್ನು ಗಲ್ಲಿಯ ತುಂಬ ಹಂಚಿದವಳು ನಾನೇ. ಅಂಥ ನಾಚಿಕೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ. ರೋಗದ ನಾಚಿಕೆ ಅದರ ಮುಂದೆ ಏನೂ ಅಲ್ಲ. ರೋಗವನ್ನು ಬಚ್ಚಿಡಬಹುದಿತ್ತು, ಇದನ್ನು ನನ್ನಿಂದ ನಾನೇ ಬಚ್ಚಿಡುವಂತಿರಲಿಲ್ಲ.

ಇನ್ನೂ ಒಂದು ವಿಚಾರ ಅಲ್ಲೇ ನಿಂತಾಗ ಬಂತು. ಬೇಸಿಗೆಯಲ್ಲಿ ಸರಿಯಾದ ವಿಳಾಸ ಕೊಟ್ಟಿದ್ದರೆ, ನರ್ಸಬಾಯಿಯನ್ನು ಬಾಯಿ ಬಿಡಲು ಬಿಟ್ಟಿದ್ದರೆ, ಅತ್ತೆಯ ಕೆಮ್ಮನ್ನು ಆಗಲೇ ನೋಡುತ್ತಿದ್ದರು. ನಾನು ಎದ್ದ ಜರಡಿಗೆ ಅವರು ಕೂರುತ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ನರ್ಸಬಾಯಿ ಬಂದಳು. ಗಿರಣಿಯ ಹೊರಗೇ ಹಿಡಿದು ನಿಲ್ಲಿಸಿದೆ.

"ಅತ್ತಿಗೂ ಐತಿ. ನೀವ ನನಗ ಹೇಳಲಿಲ್ಲ."

"ಯಾರದೂ ನಾ ಯಾರಿಗೂ ಹೇಳಂಗಿಲ್ಲ. ನಿಂದೂ ನಾ ಯಾರಿಗೂ ಹೇಳಿಲ್ಲ," ಅಂದಳು. ಆಮೇಲೆ ಚೀಲವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಹಾಕಿಕೊಂಡು, "ಒಳಗ ಅದಾರ. ಕೇಳೂದಿದ್ರ ಅವರನ್ನ ಕೇಳು. ನಾ ಇವತ್ತ ಖಾರ ಕುಟ್ಟಸಂಗಿಲ್ಲ," ಎಂದು ಬಂದ ದಾರಿ ಹಿಡಿದಳು.

ಹಂಗಾಮು ಇಲ್ಲದ ಗಿರಣಿ ತಣ್ಣಗಿತ್ತು. ಒನಕೆಗಳು ನಿಂತಿದ್ದವು. ಅತ್ತೆ ನೆಲದ ಮೇಲೆ ಕೂತು, ಮುಖಕ್ಕೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಾನು ಕೂಸನ್ನು ಎತ್ತಿಕೊಂಡು ಅವರೆದುರಿಗೆ ಕೂತೆ. ಅವರು ಕೂತಲ್ಲೇ ಹಿಂದಕ್ಕೆ ಸರಿದರು.

"ಅತ್ತಿ, ಇವತ್ತ ಗುಳಿಗಿ ತಗೊಂಡೀರೇನ್ರಿ?"

ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ನಿಂತಿತು. "ಯಾವ ಗುಳಿಗಿ?"

"ಕೆಂಪ ಗುಳಿಗಿ. ನಾನೂ ತಗೊಂಡೇನ್ರಿ. ಇಕಿ ಹೊಟ್ಟ್ಯಾಗ ಇದ್ದಾಗ. ಹುಣಸಿಹಣ್ಣಿನ ಡಬ್ಬ್ಯಾಗ ಇಟ್ಟಿದ್ದೆ."

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ತಲೆ ಎತ್ತಿದರು. ಸೆರಗಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು.

"ಹೊಟ್ಟ್ಯಾಗ ಇದ್ದಾಗ," ಅಂದರು. "ಯವ್ವಾ. ಬಸರಿ ಹೆಣಮಗಳಿಗೆ ನಾನ ಹಚ್ಚೇನಿ ಹಂಗಾದ್ರ. ನನ್ನ ಕೆಮ್ಮು ಎಷ್ಟ ವರ್ಷದ್ದು."

"ಇಲ್ರಿ, ನನ್ನಿಂದ ನಿಮಗ ಬಂದಿರಬೇಕು," ಅಂದೆ. ಯಾರಿಂದ ಯಾರಿಗೆ ಎಂದು ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೆ ನನಗೆ ಟಿಬಿ ಎಂದು ತಿಳಿದಾಗ ನಾನು ಗಿರಣಿಯ ಬಗ್ಗೆ ಯೋಚಿಸಿದ್ದೆ. ಅವರು ಅದನ್ನು ಕೇಳಿದ ಕ್ಷಣ ನನ್ನ ಬಗ್ಗೆ ಯೋಚಿಸಿದ್ದರು.

"ನೀ ಹಡಿಯಾಕ ಹೋದಾಗ ಆ ನರ್ಸಬಾಯಿ ಬೆಂಚಿನ ಮ್ಯಾಲ ಕುಂತು ನನ್ನ ಕೆಮ್ಮು ಕೇಳಿ ಕೇಳಿ ಒಂದಿನ ಕೈ ಹಿಡದ ಕರಕೊಂಡ ಹೋದ್ಲು," ಎಂದು ಅತ್ತೆ ತೊಟ್ಟು ಮುರಿಯುತ್ತಲೇ ಹೇಳಿದರು. "ಈಗ ಕಫ ಸ್ವಚ್ಛ ಐತಿ, ಕೂಸಿನ್ನ ಎತ್ಕೋರಿ ಕಾಕು ಅಂತ ಎಷ್ಟ ಸಲ ಹೇಳ್ಯಾಳ. ನನಗ ಧೈರ್ಯ ಸಾಲವಲ್ದು. ಮನ್ಯಾಗ ಯಾರಿಗರೆ ಒಬ್ಬರಿಗೆ ಹೇಳೂದಾದ್ರ ಯಾರಿಗೆ ಹೇಳ್ತೀರಿ ಅಂತ ಕೇಳಿದ್ಲು. ನಾ ಅಂದೆ, ಸೊಸಿಗೆ ಹೇಳ್ತೀನಿ. ಭಾಳ ಕಲಿತಾಳ, ತಿಳ್ಕೋತಾಳ ಅಂದೆ. ನೀ ಬಂದ ದಿನಾನ ಹೇಳಬೇಕಂತ ಚಹಾ ಮಾಡ್ಕೊಂಡ ಬಂದಿದ್ದೆ..."

ಅಲ್ಲಿಗೆ ನಿಲ್ಲಿಸಿದರು. ಮುಂದಿನದು ಇಬ್ಬರಿಗೂ ಗೊತ್ತಿತ್ತು.

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಎಳೆದುಕೊಂಡು, "ಕೂಸ ಐತಿ ಕೈಯಾಗ, ಸರಿಯಾಗಿ ಹಿಡಿ," ಎಂದು ಗದರಿಸಿದರು. ನಾನು ನೆಟ್ಟಗೆ ಕೂತು ಕೂಸನ್ನು ಅವರ ಕಡೆಗೆ ಚಾಚಿದೆ.

"ಎತ್ಕೋರಿ."

"ಕೈ..." ಅಂದರು. ಈ ಸಲ ನಿಜಕ್ಕೂ ಖಾರದ ಕೈಯೇ. ಬೆಳಗಿನಿಂದ ತೊಟ್ಟು ಮುರಿದು ಬೆರಳೆಲ್ಲ ಕೆಂಪಾಗಿದ್ದವು.

ಎದ್ದು ಬಚ್ಚಲಿಗೆ ಹೋದರು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಸಾಬೂನು ಹಾಕಿ ತೊಳೆದರು. ಉಗುರಿನ ಸಂದಿಗಳನ್ನು ಬಟ್ಟೆಯಿಂದ ಒರೆಸಿಕೊಂಡರು. ಮತ್ತೆ ಎಣ್ಣೆ, ಮತ್ತೆ ಸಾಬೂನು. ನಾನು ಕೂಸನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಅದು ನೀರಿನ ಸದ್ದಿಗೆ ಕತ್ತು ಚಾಚಿ ಅವರನ್ನೇ ನೋಡುತ್ತಿತ್ತು.

"ನೋಡು, ಹೋಗೈತೇನ?" ಎಂದು ಒದ್ದೆ ಬೆರಳನ್ನು ನನ್ನ ಮುಂದೆ ಹಿಡಿದರು.

ನಾನು ಆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡೆ. ಉರಿಯಿತು.

"ಇನ್ನಾ ಐತ್ರಿ," ಅಂದೆ.

ಅತ್ತೆ ಮುಖದ ಮೇಲಿನ ಸೆರಗು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಎಣ್ಣೆಯ ಬಾಟಲಿ ತೆಗೆದುಕೊಂಡರು. ನಾನು ಕೂಸನ್ನು ಹಿಡಿದುಕೊಂಡು ಅಲ್ಲೇ ನಿಂತೆ.